ಲೆಕ್ಕ ಬಲ್ಲವನ ಋಣ



ನಂಜನಗೂಡಿನ ಸೀಮೆಯಲ್ಲಿರುವ ಹೆಡತಲೆ ಎಂಬ ಊರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯದ ನಿಮಿತ್ತ ಆ ಊರಿಗೆ ಹೆಸರು ಬಂದಿರುವದು. ಅಲ್ಲಿ ಹದಿನಾರು ಮುಖದ ಚಾವಡಿ ಎಂಬ ಒಂದು ಮಂಟಪವೂ ಉಂಟು. ಅದನ್ನು ಕುರಿತು ಊರವರ ಹೇಳಿಕೆ ಏನಂದರೆ, ಪೂರ್ವದಲ್ಲಿ ಆ ಸೀಮೆಯನ್ನಾಳಿದ ಒಬ್ಬ ನಾಯಕನಿಗೆ ಹದಿನಾರು ಮಂದಿ ಅಳಿಯಂದಿರಿದ್ದರು. ಅವರೊಳಗೆ ಯಾರೂ ತಾನು ಕೀಳಾದೆನೆಂದು ಮುನಿಯದ ಹಾಗೆ, ಒಬ್ಬೊಬ್ಬನಿಗೆ ಒಂದೊಂದು ಮುಖದಂತೆ ಸಮನಾದ ಹದಿನಾರು ಸ್ಥಾನಗಳನ್ನು ಅವನು ಮಾಡಿಸಿದನು. ಈ ಕಥೆ ನಡೆದದ್ದೋ ಕಟ್ಟಿದ್ದೋ ಎಂದು ನಾವು ಈಗ ವಿಚಾರಿಸುವದು ಬೇಡ. ಅದರಲ್ಲಿ ನಮಗೆ ಬೇಕಾದ ಸಂಗತಿ ಒಂದೇ. ಆ ಮಾವನ ಮನಸ್ಸು ಎಷ್ಟೇ ನ್ಯಾಯವುಳ್ಳದ್ದಾಗಿದ್ದರೂ, ಅಳೆದು ಪಾಲು ಮಾಡಬಲ್ಲ ಕೈ ಒಂದು ಇಲ್ಲದಿದ್ದರೆ ಹದಿನಾರು ಸಮ ಮುಖಗಳು ಏಳುತ್ತಿದ್ದಿಲ್ಲ. ಎರಡನ್ನು ನಾಲ್ಕಾಗಿಯೂ, ನಾಲ್ಕನ್ನು ಎಂಟಾಗಿಯೂ, ಎಂಟನ್ನು ಹದಿನಾರಾಗಿಯೂ ಅರ್ಧ ಅರ್ಧ ಮಾಡುತ್ತಾ ಹೋಗಬೇಕೆಂಬದನ್ನು ಅಲ್ಲಿ ಯಾರೋ ಒಬ್ಬ ಕಲ್ಲುಕೆಲಸದವನು ಬಲ್ಲವನಾಗಿದ್ದಿರಬೇಕು. ಒಳ್ಳೇ ಮನಸ್ಸು ನ್ಯಾಯದ ಒಂದು ಕಾಲು. ಲೆಕ್ಕವು ಅದರ ಇನ್ನೊಂದು ಕಾಲು. ಒಂದೇ ಕಾಲಿನಿಂದ ಯಾರೂ ಬಹು ದೂರ ನಡೆಯುವದಿಲ್ಲ.

ಆದಕಾರಣ ಈ ಸಾರಿ ನಾವು ಒಂದು ಪ್ರಶ್ನೆಯನ್ನು ಕೂಡಿ ಯೋಚಿಸೋಣ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಗಣಿತವನ್ನು ಸರಿಯಾಗಿ ಬಲ್ಲ ಉಪಾಧ್ಯಾಯರು ಸಾಲದೆ ಇದ್ದಾರೆ ಎಂದು ಎಲ್ಲರೂ ಹೇಳುವರು. ಇದು ಕೇವಲ ಸರಕಾರದ ಕಚೇರಿಯ ಸಂಗತಿಯೋ? ಇಲ್ಲವೆ ಇದರಲ್ಲಿ ಯಾರಿಗಾದರೂ ಅನ್ಯಾಯವಾಗುತ್ತಿದೆಯೋ? ಅನ್ಯಾಯವಾಗುವದಾದರೆ ಅದನ್ನು ಸರಿಪಡಿಸುವ ಋಣ ಯಾರ ಮೇಲೆ ಇರುವದು?

ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆನು. ಊರ ಹೆಸರು ಬೇಡ. ಅಂಥ ಶಾಲೆಗಳು ಅನೇಕ ಉಂಟು. ಏಳನೆಯ ತರಗತಿಯಲ್ಲಿ ಭಿನ್ನರಾಶಿಗಳ ಭಾಗಾಕಾರ ನಡೆಯುತ್ತಿತ್ತು. ಉಪಾಧ್ಯಾಯರು ಕರೀ ಹಲಗೆಯ ಮೇಲೆ ಮೂರನ್ನು ಕಾಲರಿಂದ ಭಾಗಿಸಿ, ಹನ್ನೆರಡು ಎಂದು ಉತ್ತರ ಬರೆದರು. ಆಗ ಒಬ್ಬ ಹುಡುಗಿ ಎದ್ದು ನಿಂತು, "ಮೇಷ್ಟ್ರೇ, ಭಾಗ ಮಾಡಿದರೆ ಕಡಿಮೆಯಾಗಬೇಕಲ್ಲವೇ? ಮೂರು ಹೇಗೆ ಹನ್ನೆರಡಾಯಿತು?" ಎಂದು ಕೇಳಿದಳು. ಅದಕ್ಕೆ ಅವರು, "ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಬೇಕು. ನಿಯಮ ಹಾಗಿದೆ. ಬರೆದುಕೊಂಡು ಕೂತುಕೋ" ಅಂದರು. ಹುಡುಗಿ ಕೂತುಕೊಂಡಳು, ಅವಳ ಪ್ರಶ್ನೆ ಮಾತ್ರ ನಿಂತೇ ಇತ್ತು.

ಪಾಠ ಮುಗಿದ ಮೇಲೆ ಆ ಉಪಾಧ್ಯಾಯರು ನನ್ನ ಸಂಗಡ ಮರದ ನೆರಳಿನಲ್ಲಿ ಕೂತು ಮನಸ್ಸು ಬಿಚ್ಚಿ ಮಾತನಾಡಿದರು. "ಸ್ವಾಮಿ, ನಾನು ಓದಿದ್ದು ಇತಿಹಾಸ. ಗಣಿತದವರು ವರ್ಗವಾಗಿ ಹೋಗಿ ಎರಡು ವರುಷವಾಯಿತು. ಆ ಸ್ಥಳಕ್ಕೆ ಇನ್ನೂ ಯಾರೂ ಬರಲಿಲ್ಲ. ಪಾಠ ನಿಲ್ಲಬಾರದೆಂದು ನಾನು ಹಿಡಿದುಕೊಂಡಿದ್ದೇನೆ. ಆ ಮಗು ಕೇಳಿದ್ದಕ್ಕೆ ಉತ್ತರ ನನಗೂ ತಿಳಿಯದು" ಎಂದು ಹೇಳಿದರು. ಅವರ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರಲಿಲ್ಲ. ತನ್ನದಲ್ಲದ ಹೊರೆಯನ್ನು ಹೊತ್ತವನನ್ನು ನಡಿಗೆ ಸರಿಯಿಲ್ಲವೆಂದು ಜರೆಯುವದು ನ್ಯಾಯವಲ್ಲ.

ಸಾಯಂಕಾಲ ನಾನು ಆ ಹುಡುಗಿಯ ಮನೆಯ ಮುಂದೆ ಹಾದುಹೋಗುವಾಗ ಅವಳ ಅಜ್ಜಿ ಜಗಲಿಯ ಮೇಲೆ ರಾಗಿ ಅಳೆಯುತ್ತಿದ್ದಳು. ಆಕೆಗೆ ಓದು ಬರಹ ಬಾರದು. "ಅಜ್ಜೀ, ಮೂರು ಸೇರು ರಾಗಿಯನ್ನು ಪಾವಿನಿಂದ ಅಳೆದರೆ ಎಷ್ಟು ಪಾವು ಬರುವದೆಂದು ಮೊಮ್ಮಗಳಿಗೆ ಹೇಳಿ" ಎಂದು ಕೇಳಿದೆನು. ಅಜ್ಜಿ ಕೈಕೆಲಸ ಬಿಡದೆ, "ಅದೇನು ದೊಡ್ಡ ಮಾತು ಮಗಾ, ಸೇರಿಗೆ ನಾಲ್ಕು ಪಾವು, ಮೂರು ಸೇರಿಗೆ ಹನ್ನೆರಡು" ಅಂದಳು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ತರುವಾಯ, "ಹಾಗಾದರೆ ಮೇಷ್ಟ್ರು ಬರೆದದ್ದು ಇದೇ. ಪಾವು ಅಂದರೆ ಕಾಲು ಸೇರು. ಅಳತೆ ಚಿಕ್ಕದಾದರೆ ಎಣಿಕೆ ಹೆಚ್ಚಾಗುತ್ತದೆ!" ಎಂದು ಕೂಗಿದಳು. ಅಜ್ಜಿಯಲ್ಲಿ ಪಾವು ಇತ್ತು. ಶಾಲೆಯಲ್ಲಿ ನಿಯಮ ಇತ್ತು. ಇವೆರಡನ್ನು ಜೋಡಿಸುವವರು ಇದ್ದಿಲ್ಲ. ಆ ಜೋಡಿಸುವ ಕೆಲಸಕ್ಕೇ ಗಣಿತದ ಉಪಾಧ್ಯಾಯ ಬೇಕಾಗಿರುವದು.

ಇನ್ನು ಈ ಕೊರತೆ ಎಂಥದ್ದೆಂದು ನೋಡೋಣ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1963ರಲ್ಲಿ ಭಾರತ ಸರಕಾರದವರು ದೇಶದ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ಸ್ಥಾಪಿಸಿದಾಗ ಅವುಗಳಲ್ಲಿ ಒಂದನ್ನು ನಮ್ಮ ಮೈಸೂರಿನಲ್ಲಿಯೇ ಇಟ್ಟರು. ವಿಜ್ಞಾನ ಗಣಿತಗಳನ್ನು ಕಲಿಸಬಲ್ಲ ಉಪಾಧ್ಯಾಯರು ದೇಶದಲ್ಲಿ ಸಾಲದೆ ಇದ್ದದ್ದೇ ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ವಿಷಯಜ್ಞಾನವನ್ನೂ ಕಲಿಸುವ ವಿಧಾನವನ್ನೂ ಕೂಡಿಸಿ ನಾಲ್ಕು ವರುಷ ಹೇಳಿಕೊಡುವ ಕ್ರಮವನ್ನು ಅಲ್ಲಿ ಆರಂಭಿಸಿದರು. ಅಂದಿನಿಂದ ಅರುವತ್ತು ವರುಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆ ವಿದ್ಯಾಲಯದಿಂದ ನಂಜನಗೂಡು ಒಂದು ತಾಸಿನ ದಾರಿ. ಆದರೂ ಗಣಿತದ ಉಪಾಧ್ಯಾಯರು ಸಾಲದೆಂಬ ಮಾತು ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ.

2009ರಲ್ಲಿ ಮಕ್ಕಳ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕಿನ ಕಾನೂನು ಹುಟ್ಟಿ, 2010ನೇ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 8ನೆಯ ತರಗತಿಗಳುಳ್ಳ ಶಾಲೆಯಲ್ಲಿ ವಿಜ್ಞಾನ ಗಣಿತಗಳಿಗೆ ಒಬ್ಬರಾದರೂ, ಸಮಾಜಶಾಸ್ತ್ರಕ್ಕೆ ಒಬ್ಬರಾದರೂ, ಭಾಷೆಗೆ ಒಬ್ಬರಾದರೂ ಇರಲೇಬೇಕೆಂದು ಆ ಕಾನೂನಿನ ಅನುಸೂಚಿಯಲ್ಲಿ ಬರೆದಿದೆ. ಹೀಗಿರಲಾಗಿ ಗಣಿತದ ಉಪಾಧ್ಯಾಯನು ಮಗುವಿಗೆ ಯಾರೋ ದಯೆಯಿಂದ ಕೊಡುವ ದಾನವಲ್ಲ. ಅದು ಮಗುವಿನ ಹಕ್ಕು. ಪ್ರೌಢಶಾಲೆಗಳಲ್ಲಿಯಾದರೋ, ಭೌತಶಾಸ್ತ್ರ ರಸಾಯನಶಾಸ್ತ್ರ ಗಣಿತಗಳನ್ನು ಓದಿದವರನ್ನು ಪಿ.ಸಿ.ಎಂ. ಎಂದೂ, ರಸಾಯನಶಾಸ್ತ್ರ ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳನ್ನು ಓದಿದವರನ್ನು ಸಿ.ಬಿ.ಝಡ್. ಎಂದೂ ಬೇರೆ ಬೇರೆ ನೇಮಿಸುವರು. ಚಿಕ್ಕ ಶಾಲೆಯಲ್ಲಿ ಮೊದಲನೆಯ ವಿಧದವರು ಒಬ್ಬರೇ ಇರುವದರಿಂದ, ಆ ಒಬ್ಬರು ವರ್ಗವಾದರೆ ಇಲ್ಲವೆ ನಿವೃತ್ತರಾದರೆ, 8, 9, 10ನೆಯ ಮೂರು ತರಗತಿಗಳ ಗಣಿತವೂ ಒಟ್ಟಿಗೆ ಆಧಾರವಿಲ್ಲದ್ದಾಗುವದು. ಆಗ ಬೇರೆ ವಿಷಯದವರು ಅದನ್ನು ಹಿಡಿಯುವರು. ಇಲ್ಲವೆ ಆ ವರುಷದ ಮಟ್ಟಿಗೆ ಅತಿಥಿ ಶಿಕ್ಷಕರನ್ನು ಇಟ್ಟುಕೊಳ್ಳುವರು. ಅತಿಥಿ ಎಂಬ ಹೆಸರು ಗೌರವವುಳ್ಳದ್ದೇ ಸರಿ; ಅವರಿಗೆ ಸಲ್ಲುವ ಗೌರವಧನವಾದರೋ ಖಾಯಂ ಉಪಾಧ್ಯಾಯರ ಸಂಬಳದ ಒಂದು ಪಾಲು ಮಾತ್ರ. ಬರುವ ವರುಷ ಅವರು ಇದ್ದಾರೋ ಇಲ್ಲವೋ ಎಂದು ಮಕ್ಕಳಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. 2022ರಲ್ಲಿ ನಮ್ಮ ರಾಜ್ಯದವರು 6ರಿಂದ 8ನೆಯ ತರಗತಿಗಳಿಗೆ 15,000 ಪದವೀಧರ ಉಪಾಧ್ಯಾಯರು ಬೇಕೆಂದು ಒಂದೇ ಸಾರಿ ಪ್ರಕಟಿಸಿದರೆಂಬದರಿಂದಲೇ ಹಳ್ಳ ಎಷ್ಟು ಆಳವಾಗಿತ್ತೆಂದು ತಿಳಿದುಕೊಳ್ಳಬಹುದು.

ಇದರ ಫಲ ಮಕ್ಕಳಲ್ಲಿ ಕಾಣುವದು. 'ಅಸರ್' ಎಂಬ ಹೆಸರಿನ ಸಮೀಕ್ಷೆಯವರು 2005ರಿಂದ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನೂ ಲೆಕ್ಕವನ್ನೂ ಪರೀಕ್ಷಿಸುತ್ತಾ ಬಂದಿದ್ದಾರೆ. 2018ರಲ್ಲಿ ಅವರು ಕಂಡದ್ದೇನಂದರೆ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕವನ್ನು ಐದನೆಯ ತರಗತಿಯ ನೂರು ಮಕ್ಕಳಲ್ಲಿ ಸುಮಾರು 28 ಮಂದಿ ಮಾತ್ರ ಮಾಡಬಲ್ಲವರಾಗಿದ್ದರು. ಎಂಟನೆಯ ತರಗತಿಯಲ್ಲಿಯೂ ನೂರಕ್ಕೆ ಸುಮಾರು 44 ಮಂದಿ ಮಾತ್ರ. ಇದಕ್ಕೆ ಉಪಾಧ್ಯಾಯರ ಕೊರತೆಯೊಂದೇ ಕಾರಣವೆಂದು ನಾನು ಹೇಳುವದಿಲ್ಲ. ಬಡತನವೂ ಉಂಟು, ಶಾಲೆ ತಪ್ಪಿಸಿ ಕೂಲಿಗೆ ಹೋಗುವದೂ ಉಂಟು. ಆದರೆ ಕಲಿಸುವವನಿಲ್ಲದ ಕಡೆ ಕಲಿಯುವವನು ಹೆಚ್ಚು ದೂರ ಹೋಗಲಾರನೆಂಬದಕ್ಕೆ ಸಾಕ್ಷಿ ಬೇಕಾಗುವದಿಲ್ಲ.

ಉಪಾಧ್ಯಾಯರು ಯಾಕೆ ಸಿಕ್ಕುವದಿಲ್ಲ? ಒಂದು ಕಾರಣ ಎಲ್ಲರಿಗೂ ತಿಳಿದದ್ದೇ. ಗಣಿತವನ್ನು ಚೆನ್ನಾಗಿ ಓದಿದವನಿಗೆ ಬೆಂಗಳೂರಿನಲ್ಲಿಯೂ ಬ್ಯಾಂಕುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಹೆಚ್ಚಿನ ಸಂಬಳ ದೊರಕುವದು. ನಮ್ಮಲ್ಲಿ ಮಾತ್ರ ಹೀಗಲ್ಲ. ಐಶ್ವರ್ಯವುಳ್ಳ ಇಂಗ್ಲೆಂಡಿನಲ್ಲಿಯೂ ಗಣಿತದ ಉಪಾಧ್ಯಾಯರಾಗಲು ತರಬೇತಿ ಪಡೆಯುವವರಿಗೆ ತೆರಿಗೆಯಿಲ್ಲದ ವಿದ್ಯಾರ್ಥಿವೇತನವನ್ನು ಕೊಟ್ಟರೂ ಹಲವು ವರುಷ ಬೇಕಾದಷ್ಟು ಜನ ಮುಂದೆ ಬರಲಿಲ್ಲ. ಎರಡನೆಯ ಕಾರಣ ಹೆಚ್ಚು ಆಳವಾದದ್ದು. ಏಳನೆಯ ತರಗತಿಯಲ್ಲಿ ಲೆಕ್ಕಕ್ಕೆ ಹೆದರಿದ ಮಗು ಹತ್ತನೆಯದನ್ನು ಹೇಗೋ ದಾಟಿ, ಪಿ.ಯು.ಸಿ.ಯಲ್ಲಿ ಗಣಿತವನ್ನು ಬಿಟ್ಟುಬಿಡುವದು. ಗಣಿತವನ್ನು ಬಿಟ್ಟವನು ಗಣಿತದ ಪದವೀಧರನಾಗಲಾರನು. ಪದವೀಧರನಾಗದವನು ಗಣಿತದ ಉಪಾಧ್ಯಾಯನಾಗಲಾರನು. ಹೀಗೆ ಇಂದು ಉಪಾಧ್ಯಾಯನಿಲ್ಲದ ಊರಿನಿಂದ ಇಪ್ಪತ್ತು ವರುಷದ ಮೇಲೂ ಉಪಾಧ್ಯಾಯನು ಹುಟ್ಟುವದಿಲ್ಲ. ಬರಗಾಲದಲ್ಲಿ ಬಿತ್ತನೆಯ ಕಾಳನ್ನೇ ಬೀಸಿ ತಿಂದ ಮನೆಯವರಿಗೆ ಬರುವ ವರುಷ ಮಳೆ ಬಂದರೂ ಪ್ರಯೋಜನವೇನು?

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಮಗುವಿಗೆ ಆಗುವ ಅನ್ಯಾಯ ಯಾವದು? ಅಂಕಗಳು ಕಡಿಮೆಯಾಗುವದೋ? ಕೆಲಸ ಸಿಕ್ಕದೆ ಹೋಗುವದೋ? ಇವು ನಷ್ಟಗಳು ಸರಿ. ಆದರೆ ಇವುಗಳಿಗಿಂತ ದೊಡ್ಡದು ಒಂದು ಉಂಟು.

ಬೇರೆ ಅನೇಕ ವಿಷಯಗಳಲ್ಲಿ ಮಗುವು ಹಿರಿಯರ ಮಾತನ್ನು ನಂಬಲೇ ಬೇಕು. ಟಿಪ್ಪುಸುಲ್ತಾನನು 1799ರಲ್ಲಿ ಸತ್ತನೆಂಬದನ್ನು ಮಗು ತಾನೇ ಹೋಗಿ ನೋಡಲಾರದು. ಪುಸ್ತಕ ಬರೆದವರನ್ನೂ ಕಲಿಸಿದವರನ್ನೂ ನಂಬುವದು. ಗಣಿತವು ಹಾಗಲ್ಲ. ಮೂರು ಸೇರಿನಲ್ಲಿ ಹನ್ನೆರಡು ಪಾವು ಉಂಟೆಂಬದನ್ನು ರಾಜನು ಹೇಳಿದರೂ ನಿಜ, ಕೂಲಿಯವನು ಹೇಳಿದರೂ ನಿಜ. ಯಾರೂ ಹೇಳದಿದ್ದರೂ ಅಳೆದು ನೋಡಿದವನಿಗೆ ನಿಜ. ಉಪಾಧ್ಯಾಯನು ಹಲಗೆಯ ಮೇಲೆ ತಪ್ಪು ಬರೆದರೆ, ಹಿಂದಿನ ಸಾಲಿನಲ್ಲಿ ಕೂತಿರುವ ಅತಿ ಬಡವನ ಮಗನು ಎದ್ದು, "ಅದು ತಪ್ಪು" ಎಂದು ತೋರಿಸಬಲ್ಲನು. ಆಗ ಇಡೀ ತರಗತಿ ಆ ಹುಡುಗನ ಪಕ್ಷ ನಿಲ್ಲಬೇಕಾಗುವದು. ಹುಟ್ಟು, ಹಣ, ಬಲ ಇವುಗಳಲ್ಲಿ ಯಾವದೂ ಅಲ್ಲಿ ಸಾಕ್ಷಿಗೆ ಬರುವದಿಲ್ಲ. ನಮ್ಮ ಹಳ್ಳಿಗಳಲ್ಲಿ ಚಿಕ್ಕವನು ದೊಡ್ಡವನಿಗೆ ಎದುರು ನಿಂತು, ಅವಿಧೇಯನೆನ್ನಿಸಿಕೊಳ್ಳದೆ, ಸರಿಯಾದದ್ದನ್ನು ಸ್ಥಾಪಿಸಬಹುದಾದ ಇಂಥ ಜಾಗ ಇನ್ನೆಲ್ಲಿ ಉಂಟು?

ಆದರೆ ಈ ಜಾಗವನ್ನು ಕಾಯುವವನು ಗಣಿತ ಬಲ್ಲ ಉಪಾಧ್ಯಾಯನೇ. ಬಲ್ಲವನು, "ಯಾಕೆ?" ಎಂಬ ಪ್ರಶ್ನೆಗೆ ಹೆದರುವದಿಲ್ಲ. ಬಲ್ಲವನಲ್ಲದವನು ಆ ಪ್ರಶ್ನೆಯನ್ನು ತಾಳಲಾರನು. ಅವನಿಗೆ ಉಳಿದಿರುವದು, "ನಿಯಮ ಹಾಗಿದೆ, ಕೂತುಕೋ" ಎಂಬ ಒಂದೇ ಮಾತು. ಆಗ ಅಳೆದು ನೋಡಬಹುದಾದ ಸತ್ಯವೂ ಅಪ್ಪಣೆಯಾಗಿ ಮಾರ್ಪಡುವದು. ದಿನಕ್ಕೊಂದು ಪಾಠದಂತೆ ಹತ್ತು ವರುಷ ಹೀಗೆ ಕೂತ ಮಗು ಕಲಿಯುವದೇನು? ಲೆಕ್ಕವನ್ನಲ್ಲ, ಲೆಕ್ಕವೆಂಬದು ಬೇರೆಯವರ ಕೈಯಲ್ಲಿರುವ ಗುಟ್ಟು, ಅವರು ಹೇಳಿದ ಮೊತ್ತಕ್ಕೆ ತಾನು ತಲೆಬಾಗಬೇಕು ಎಂಬದನ್ನು ಕಲಿಯುವದು. ಪ್ರಿಯರೇ, ಇದೇ ಆ ದೊಡ್ಡ ಅನ್ಯಾಯ.

ಈ ಪಾಠವು ನಮ್ಮ ಹಿರಿಯರಿಗೆ ಹೊಸದಾಗಿದ್ದಿಲ್ಲ. ಅವರಲ್ಲಿ ಅನೇಕರಿಗೆ ಊರ ಮಠದ ಜಗಲಿಯಲ್ಲಿ ಕೂತು ಮಗ್ಗಿ ಕಲಿಯುವ ಅಪ್ಪಣೆ ಇದ್ದಿಲ್ಲ. ಒಡೆಯನ ಪುಸ್ತಕದಲ್ಲಿ ಏನು ಬರೆದಿತ್ತೋ ಅದೇ ಸಾಲ. ಹೆಬ್ಬೆಟ್ಟು ಒತ್ತಿದ ಮೇಲೆ ಅಪ್ಪನು ಪಡೆದ ಸಾಲಕ್ಕೆ ಮಗನು ಜೀತಕ್ಕಿರುವನು. 1976ರಲ್ಲಿ ಜೀತವನ್ನು ರದ್ದು ಮಾಡುವ ಕಾನೂನು ಬಂತು. ಅದಕ್ಕೆ ಬಹಳ ಮುಂಚೆ, ನಮ್ಮ ಸಭೆಗಳಲ್ಲಿ ಉಪದೇಶಿಯೇ ಉಪಾಧ್ಯಾಯನಾಗಿ ಮಣ್ಣಿನ ಗೋಡೆಯ ಕೊಠಡಿಯಲ್ಲಿ ಅಕ್ಷರದ ಸಂಗಡ ಕೂಡಿಸುವದು ಕಳೆಯುವದನ್ನೂ ಹೇಳಿಕೊಟ್ಟದ್ದುಂಟು. ಅವನ ಗಣಿತ ಅಲ್ಪವೇ ಆಗಿದ್ದಿರಬಹುದು. ಆದರೆ ತನ್ನ ಕೂಲಿಯನ್ನು ತಾನೇ ಎಣಿಸಿ, "ಇದು ಸಾಲದು" ಎಂದು ಹೇಳಲು ಕಲಿತ ಮನುಷ್ಯನು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ.

ಇದೆಲ್ಲ ಹಿಂದಿನ ಕಾಲದ್ದು ಎಂದು ಯಾರಾದರೂ ಹೇಳಿದರೆ, 2025ರ ಆರಂಭವನ್ನು ನೆನಸಿಕೊಳ್ಳಲಿ. ಆಗ ಇದೇ ನಂಜನಗೂಡು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಕಿರುಸಾಲದ ಕಂತು ಕಟ್ಟಲಾರದೆ, ವಸೂಲಿಯವರ ಕಾಟಕ್ಕೆ ಅಂಜಿ, ಕುಟುಂಬಗಳು ಮನೆಗೆ ಬೀಗ ಹಾಕಿಕೊಂಡು ಹೋದದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಅದೇ ಫೆಬ್ರವರಿಯಲ್ಲಿ ರಾಜ್ಯ ಸರಕಾರದವರು ಬಲವಂತದ ವಸೂಲಿಯನ್ನು ತಡೆಯುವದಕ್ಕೆ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಕುಟುಂಬಗಳು ಲೆಕ್ಕ ಬಾರದೆ ಕೆಟ್ಟವು ಎಂದು ಹೇಳಿದರೆ ಅದು ಕ್ರೂರವಾದ ಮಾತು. ರೋಗ, ಮದುವೆ, ಬೆಳೆನಾಶ ಇವುಗಳ ಮುಂದೆ ಲೆಕ್ಕ ಬಲ್ಲವನೂ ಸಾಲ ಮಾಡುವನು. ಆದರೂ ಸಾಲದ ಬಾಗಿಲಿನಲ್ಲಿ ನಿಂತವನಿಗೆ ತಾನು ಯಾವ ಮನೆಯನ್ನು ಹೊಗುತ್ತಿದ್ದೇನೆಂದು ಕಾಣುವ ಕಣ್ಣು ಬೇಡವೇ?

ಒಂದು ದೃಷ್ಟಾಂತವನ್ನು ನೋಡಿರಿ. ಒಬ್ಬನು 12,000 ರೂಪಾಯಿ ಸಾಲ ತೆಗೆದುಕೊಳ್ಳುವನು. ಬಡ್ಡಿ ವರುಷಕ್ಕೆ ನೂರಕ್ಕೆ 12 ಎಂದು ಹೇಳುವರು. ಪೂರ್ತಿ ಮೊತ್ತಕ್ಕೆ ಬಡ್ಡಿ 1,440 ಹಾಕಿ, 13,440ನ್ನು ಹನ್ನೆರಡು ಕಂತು ಮಾಡಿ, ತಿಂಗಳಿಗೆ 1,120ರಂತೆ ಕಟ್ಟಿಸಿಕೊಳ್ಳುವರು. ಕೇಳುವದಕ್ಕೆ ನ್ಯಾಯವಾಗಿಯೇ ತೋರುವದು. ಆದರೆ ಅವನ ಕೈಯಲ್ಲಿ ವರುಷವೆಲ್ಲಾ 12,000 ಇತ್ತೋ? ಇಲ್ಲ. ಮೊದಲನೆಯ ತಿಂಗಳು 12,000. ಅಸಲಿನಲ್ಲಿ ಸಾವಿರ ಕಟ್ಟಿದ ಮೇಲೆ ಎರಡನೆಯ ತಿಂಗಳು 11,000. ಹೀಗೆ ಇಳಿಯುತ್ತಾ ಕಡೇ ತಿಂಗಳು 1,000 ಮಾತ್ರ. ಈ ಹನ್ನೆರಡನ್ನೂ ಕೂಡಿಸಬೇಕು. ಮೊದಲನೆಯದನ್ನೂ ಕಡೆಯದನ್ನೂ ಜೋಡಿಸಿದರೆ 13,000, ಎರಡನೆಯದನ್ನೂ ಹನ್ನೊಂದನೆಯದನ್ನೂ ಜೋಡಿಸಿದರೂ 13,000, ಇಂಥ ಜೋಡಿಗಳು ಆರು, ಒಟ್ಟು 78,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸರಾಸರಿ 6,500. ಅಂದರೆ ಅವನು ನಿಜವಾಗಿ ವರುಷವಿಡೀ ಬಳಸಿದ್ದು 6,500. ಕೊಟ್ಟ ಬಡ್ಡಿ 1,440. ಸ್ಥೂಲವಾಗಿ ನೂರಕ್ಕೆ 22 ಬಿದ್ದಿತು! ಹನ್ನೆರಡು ಎಂದು ಹೇಳಿದವನು ಸುಳ್ಳು ಹೇಳಲಿಲ್ಲ. ಕೇಳಿದವನು ಮಾತ್ರ ಸತ್ಯವನ್ನು ತಿಳಿಯಲಿಲ್ಲ. ಈ ಲೆಕ್ಕದಲ್ಲಿ ಏಳನೆಯ ತರಗತಿಯನ್ನು ಮೀರಿದ್ದು ಏನೂ ಇಲ್ಲ.

ಇಂಥ ಲೆಕ್ಕ ನಮ್ಮ ನಾಡಿಗೆ ಪರದೇಶದಿಂದ ಬಂದ ವಿದ್ಯೆಯೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳನ್ನು ವಿಸ್ತಾರವಾಗಿ ಹೇಳಿರುವನು. ಅದು ಸಂಸ್ಕೃತದಲ್ಲಿರುವದು. ಹನ್ನೆರಡನೆಯ ಶತಮಾನದ ರಾಜಾದಿತ್ಯನೆಂಬವನಾದರೋ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ವ್ಯವಹಾರದ ಲೆಕ್ಕವು ಜನರ ಮಾತಿನಲ್ಲಿ ಜನರಿಗೆ ಸಿಕ್ಕಬೇಕೆಂಬ ಯೋಚನೆ ನಮ್ಮಲ್ಲಿ ಎಂಟು ನೂರು ವರುಷಗಳಿಗೂ ಹಳೆಯದು.

ಹಾಗಾದರೆ ಈ ಋಣ ಯಾರ ಮೇಲೆ? ಕೆಲವರು, "ಹಳ್ಳಿಯಲ್ಲಿ ಹುಟ್ಟಿ ಗಣಿತ ಕಲಿತವನು ಹಳ್ಳಿಗೇ ತಿರುಗಿ ಬಂದು ಕಲಿಸಬೇಕು, ಸಂಬಳದ ಆಸೆಗೆ ಪಟ್ಟಣಕ್ಕೆ ಹೋಗುವದು ತಪ್ಪು" ಎಂದು ಹೇಳುವರು. ಈ ಮಾತು ಕೇಳುವದಕ್ಕೆ ಚೆಂದ. ಆದರೆ ನನಗೆ ಪೂರ್ತಿ ಒಪ್ಪಿಗೆಯಾಗುವದಿಲ್ಲ. ತಾಯಿ ಕೂಲಿ ಮಾಡಿ ಓದಿಸಿದ ಮಗ. ತಂಗಿಯ ಓದು ಅವನ ಸಂಬಳದ ಮೇಲೆ ನಿಂತಿದೆ. ಮನೆಯ ಮೇಲೆ ಸಾಲ ಉಂಟು. ಅವನು ಬೆಂಗಳೂರಿನ ಕೆಲಸ ಹಿಡಿದರೆ ನಾವು ಅವನನ್ನು ದ್ರೋಹಿಯೆನ್ನೋಣವೇ? ಶತಮಾನಗಳ ಕಾಲ ಎಲ್ಲರ ಹೊರೆಯನ್ನು ಬಡವರ ಮೇಲೆ ಹಾಕಿದ್ದು ಸಾಲದೇ? ಈಗ ಹಳ್ಳಿಯನ್ನು ಉದ್ಧರಿಸುವ ಹೊರೆಯನ್ನೂ ಬಡವನ ಮಗನೊಬ್ಬನೇ ಹೊರಬೇಕೋ?

ಬೇರೆ ಕೆಲವರು, "ಉಪಾಧ್ಯಾಯರನ್ನು ನೇಮಿಸುವದು ಸರಕಾರದ ಕೆಲಸ, ನಮಗೇನು?" ಎನ್ನುವರು. ಇದರಲ್ಲಿ ಅರ್ಧ ಸತ್ಯ ಉಂಟು. ಸ್ಥಳವನ್ನು ತುಂಬುವದೂ, ತಕ್ಕ ಸಂಬಳ ಕೊಡುವದೂ, ದೂರದ ಹಳ್ಳಿಗೆ ಬರುವವರಿಗೆ ಮನೆಯನ್ನೂ ಅನುಕೂಲವನ್ನೂ ಒದಗಿಸುವದೂ ಸರಕಾರದ ಪಾಲು; ಇದನ್ನು ಯಾವ ಧರ್ಮಕಾರ್ಯವೂ ಅದರ ಹೆಗಲಿನಿಂದ ಇಳಿಸಬಾರದು. ಆದರೆ ಉಳಿದ ಅರ್ಧವನ್ನು ನೋಡಿರಿ. ಹೊಸ ಉಪಾಧ್ಯಾಯನು ಬರುವ ತನಕ ಆ ಹುಡುಗಿಯ ಏಳನೆಯ ತರಗತಿ ಕಾದು ನಿಲ್ಲುವದೋ? ಅವಳಿಗೆ ಹದಿಮೂರನೆಯ ವರುಷ ಎರಡು ಸಾರಿ ಬರುವದಿಲ್ಲ.

ನನ್ನ ಅಭಿಪ್ರಾಯವೇನಂದರೆ, ಈ ಋಣವು ಒಂದು ಭಿನ್ನರಾಶಿಯ ಹಾಗಿರುವದು. ಪಾಲು ಪಾಲಾಗಿ ಹಂಚಿದ್ದರೂ ಪಾಲುಗಳೆಲ್ಲಾ ಕೂಡಿ ಪೂರ್ತಿ ಒಂದಾಗಬೇಕು. ಹಂಚಿದ ಋಣ ತೀರಿದ ಋಣವಲ್ಲ. ಸರಕಾರದ ಪಾಲು ಎಲ್ಲಕ್ಕಿಂತ ದೊಡ್ಡದು. ಆದರೆ ಅದು ಸಲ್ಲಲಿಲ್ಲವೆಂಬ ಮಾತ್ರಕ್ಕೆ ನಮ್ಮ ಪಾಲು ಸೊನ್ನೆಯಾಗುವದಿಲ್ಲ.

ಮೊದಲನೆಯದು, ಗಣಿತ ಬಾರದಿದ್ದರೂ ಕಲಿಸಬೇಕಾಗಿ ಬಂದ ಉಪಾಧ್ಯಾಯರ ಪಾಲು. "ನನಗೂ ತಿಳಿಯದು, ಬಾ, ಕೂಡಿ ಅಳೆದು ನೋಡೋಣ" ಎಂದು ಹೇಳುವದು ಅವರಿಗೆ ಅವಮಾನವಲ್ಲ. ಹಾಗೆ ಹೇಳಿದವರು ನಿಯಮವನ್ನು ಕಲಿಸದಿದ್ದರೂ ಸತ್ಯವನ್ನು ಮರೆಮಾಡಲಿಲ್ಲ. ಮಗುವಿನ ಪ್ರಶ್ನೆಯನ್ನು ಜೀವದಿಂದ ಉಳಿಸುವದೇ ಅರ್ಧ ಕಲಿಸಿದ ಹಾಗೆ. ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರೇ ಕೂಡಿ, ಚೀಟಿಗಳನ್ನೂ ಕಲಿಕೆಯ ಏಣಿಯನ್ನೂ ಮಾಡಿಕೊಂಡು 'ನಲಿ-ಕಲಿ' ಎಂಬ ಕ್ರಮವನ್ನು ಆರಂಭಿಸಿದರು. ಅದು ತರುವಾಯ ರಾಜ್ಯದಲ್ಲೆಲ್ಲಾ ಹಬ್ಬಿತು. ಅವರು ಹೊರಗಿನಿಂದ ಪಂಡಿತರು ಬಂದಾರೆಂದು ಕಾಯುತ್ತಾ ಕೂಡಲಿಲ್ಲ.

ಎರಡನೆಯದು, ಊರು ಬಿಟ್ಟು ಹೋಗಿ ಲೆಕ್ಕದಿಂದ ಜೀವನ ಮಾಡುವವರ ಪಾಲು. ಅವರು ಕೆಲಸ ಬಿಟ್ಟು ಬರಬೇಕೆಂದು ನಾನು ಕೇಳುವದಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ, ಇಲ್ಲವೆ ಬೇಸಿಗೆಯ ರಜೆಯಲ್ಲಿ, ಹತ್ತು ಮಕ್ಕಳನ್ನು ಜಗಲಿಯ ಮೇಲೆ ಕೂಡಿಸಿ, ಅವರು ಕೇಳುವ "ಯಾಕೆ?" ಎಂಬದಕ್ಕೆ ಉತ್ತರ ಹೇಳಬಾರದೇ? ತನಗೆ ಯಾರೋ ಕಲಿಸಿದ್ದರಿಂದಲ್ಲವೇ ಅವನು ಇಂದು ಅಲ್ಲಿ ಇರುವದು? ಪಡೆದದ್ದರಲ್ಲಿ ಒಂದು ಪಾಲನ್ನು ತಿರುಗಿ ಕೊಡುವದು ತ್ಯಾಗವಲ್ಲ. ಅದು ಸಾಲದ ಕಂತು. ಈ ಸಾಲದಲ್ಲಿ ವಿಶೇಷವೇನಂದರೆ, ಕೊಟ್ಟಷ್ಟೂ ಕೊಟ್ಟವನ ಬಂಡವಾಳ ಕಡಿಮೆಯಾಗುವದಿಲ್ಲ.

ಮೂರನೆಯದು, ತಾಯಿತಂದೆಗಳ ಪಾಲು. "ಲೆಕ್ಕ ನಮ್ಮವರ ತಲೆಗೆ ಹತ್ತುವದಿಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುವದು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಾಗಿ. ಇದು ನಮ್ಮನ್ನು ಮಠದ ಹೊರಗೆ ನಿಲ್ಲಿಸಿದವರು ಹೇಳುತ್ತಿದ್ದ ಮಾತು. ಅದನ್ನು ನಾವೇ ನಮ್ಮ ಮಕ್ಕಳಿಗೆ ಹೇಳುವದು ಎಷ್ಟು ದೊಡ್ಡ ತಪ್ಪು! ಪಾವಿನಿಂದ ರಾಗಿ ಅಳೆಯುವ ಅಜ್ಜಿ, ಗಾರೆ ಕಲಸುವ ಚಿಕ್ಕಪ್ಪ, ಸಂತೆಯಲ್ಲಿ ಬಾಳೆಗೊನೆಯ ಬೆಲೆ ಕಟ್ಟುವ ತಾಯಿ, ಇವರೆಲ್ಲರಲ್ಲಿಯೂ ಗಣಿತ ಉಂಟು. ಅದನ್ನು ಮಗುವಿಗೆ ಬಾಯಿಬಿಟ್ಟು ಹೇಳುವದೊಂದೇ ಕೊರತೆ. ಮಗಳು ಪಿ.ಯು.ಸಿ.ಯಲ್ಲಿ ಗಣಿತ ತೆಗೆದುಕೊಳ್ಳುತ್ತೇನೆಂದರೆ, ಕಷ್ಟವೆಂದು ಬೆದರಿಸದಿರಿ.

"ನಾವು ದೊಡ್ಡ ಪದವಿ ಪಡೆದವರಲ್ಲ, ನಮ್ಮಿಂದೇನಾದೀತು?" ಎಂದು ಅಳುಕುವವರಿಗೆ ಒಬ್ಬ ಉಪಾಧ್ಯಾಯನ ಸಂಗತಿಯನ್ನು ಹೇಳುತ್ತೇನೆ. ನಾಸಿಕದ ಬಳಿಯ ದೇವಳಾಲಿ ಎಂಬಲ್ಲಿ ಕಾಪ್ರೇಕರ್ ಎಂಬವರು ಶಾಲೆಯ ಉಪಾಧ್ಯಾಯರಾಗಿದ್ದರು. ಮೇಲ್ತರದ ಪದವಿ ಅವರಿಗೆ ಇದ್ದಿಲ್ಲ. ಪಂಡಿತರಲ್ಲಿ ಅನೇಕರು ಅವರನ್ನು ಲಕ್ಷ್ಯಕ್ಕೆ ತಂದದ್ದೂ ಇಲ್ಲ. ಅವರು ಕಂಡುಹಿಡಿದದ್ದು ಇದು: ಎಲ್ಲವೂ ಒಂದೇ ಆಗಿರದ ಯಾವ ನಾಲ್ಕು ಅಂಕಿಗಳನ್ನಾದರೂ ತೆಗೆದುಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ ಬರೆದ ಸಂಖ್ಯೆಯಿಂದ ಚಿಕ್ಕದರಿಂದ ದೊಡ್ಡದಕ್ಕೆ ಬರೆದ ಸಂಖ್ಯೆಯನ್ನು ಕಳೆಯುತ್ತಾ ಹೋದರೆ, ಏಳು ಸಾರಿಯೊಳಗೆ 6174 ಬಂದು ನಿಲ್ಲುವದು. 3524ನ್ನು ತೆಗೆದುಕೊಳ್ಳಿರಿ. 5432ರಿಂದ 2345ನ್ನು ಕಳೆದರೆ 3087. 8730ರಿಂದ 0378ನ್ನು ಕಳೆದರೆ 8352. 8532ರಿಂದ 2358ನ್ನು ಕಳೆದರೆ 6174. ಇಂದು ಲೋಕದಲ್ಲೆಲ್ಲಾ ಆ ಸಂಖ್ಯೆಗೆ ಅವರ ಹೆಸರೇ ಉಂಟು. ಪರೀಕ್ಷೆ ಪದವಿಗಳು ಬೇಡವೆಂದು ನಾನು ಹೇಳುವದಿಲ್ಲ. ಉಪಾಧ್ಯಾಯನಿಗೆ ಅವು ಬೇಕು. ಆದರೆ "ಯಾಕೆ?" ಎಂದು ಕೇಳುವ ಬುದ್ಧಿ ಅವುಗಳಿಗಿಂತ ಮೊದಲು ಬೇಕು. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮಕ್ಕಳ ಸಂಗಡ ಈ ಕಳೆಯುವ ಲೆಕ್ಕವನ್ನು ಮಾಡಿ ನೋಡಿರಿ. ಸ್ಲೇಟು ಬಳಪ ಸಾಕು.

ಹೆಡತಲೆಯ ಚಾವಡಿಯ ಕಥೆಗೆ ತಿರುಗಿ ಬರೋಣ. ಹದಿನಾರು ಅಳಿಯಂದಿರಿಗೆ ಸಮನಾದ ಹದಿನಾರು ಸ್ಥಾನಗಳು ಆದವು. ಯಾಕಂದರೆ ಅಳೆಯಬಲ್ಲವನೊಬ್ಬನು ಅಲ್ಲಿದ್ದನು. ಅದು ಒಡೆಯನ ಮನೆಯವರಿಗೆ ಮಾಡಿದ ನ್ಯಾಯ. ನಮ್ಮ ಹಳ್ಳಿಯ ಮಕ್ಕಳೆಲ್ಲರಿಗೂ ಈ ಲೋಕದಲ್ಲಿ ಸಮನಾದ ಒಂದು ಸ್ಥಾನ ದೊರಕಬೇಕೆಂದು ನಾವು ನಿಜವಾಗಿ ಬಯಸುವದಾದರೆ, ಅಳೆಯಬಲ್ಲ ಕೈಗಳು ಆ ಮಕ್ಕಳಿಗೇ ಬರಬೇಕು. ಆ ಹುಡುಗಿ ಈಗ ಎಲ್ಲಿರುವಳೋ ನಾನು ಅರಿಯೆನು. ಅವಳು ಗಣಿತವನ್ನು ಬಿಡದೆ ಓದಿ, ಒಂದು ದಿನ ಏಳನೆಯ ತರಗತಿಯ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಲಿ, ಹಿಂದಿನ ಸಾಲಿನಿಂದ ಒಂದು ಮಗು ಎದ್ದು, "ಯಾಕೆ ಮಿಸ್?" ಎಂದು ಕೇಳಲಿ, ಅವಳು ಮುಗುಳ್ನಗುತ್ತಾ ಮೇಜಿನ ಕೆಳಗಿನಿಂದ ಒಂದು ಪಾವನ್ನು ತೆಗೆಯಲಿ.